ಒಂದೇ ಸಲ ಹೇಳುತ್ತಿದ್ದವನು

ಆ ಮಂಗಳವಾರ ಮಧ್ಯಾಹ್ನ ನಾವಿಬ್ಬರೂ ತೂಬಿನ ಕಟ್ಟೆಯ ಮೇಲೆ ಕೂತು ಉಂಡೆವು. ದೊಡ್ಡ ನಾಲೆಯಲ್ಲಿ ನೀರು ಹೋಗುತ್ತಿತ್ತು, ನಮ್ಮ ತೂಬು ಮುಚ್ಚಿತ್ತು. ಕಟ್ಟು ಪದ್ಧತಿ ಅಂದರೆ ಹಾಗೇ. ಕೆಲವು ದಿನ ನಮ್ಮ ಭಾಗಕ್ಕೆ ನೀರು, ಆಮೇಲೆ ಅಷ್ಟೇ ದಿನ ನಮ್ಮ ತೂಬು ಮುಚ್ಚಿ ನಾಲೆಯ ಕೆಳಗಿನ ಊರುಗಳಿಗೆ. ಮುಚ್ಚಿದ ದಿನಗಳಲ್ಲಿ ನಮ್ಮಂಥ ಸೌಡಿಗಳಿಗೆ, ಅಂದರೆ ತೂಬು ತೆಗೆದು ಮುಚ್ಚುವವರಿಗೆ, ಕೆಲಸ ಕಮ್ಮಿ, ಕಾವಲು ಹೆಚ್ಚು. ನನ್ನ ಹೆಂಡತಿ ಮುದ್ದೆ, ಸೊಪ್ಪಿನ ಉಪ್ಸಾರು ಕಟ್ಟಿಕೊಟ್ಟಿದ್ದಳು. ಅವನು ಎಂದಿನಂತೆ ಮುದ್ದೆಯನ್ನು ಅಗಿದು ಅಗಿದು ತಿಂದ. ಆರು ವರ್ಷ ನಮ್ಮ ನಡುವೆ ಇದ್ದೂ ಮುದ್ದೆ ನುಂಗುವುದನ್ನು ಕಲಿಯಲಿಲ್ಲ. ಕೈ ತೊಳೆದು ಬಂದು ತೂಬಿನ ತಿರುಪಿಗೆ ಎಣ್ಣೆ ಬಿಟ್ಟ, ಹಳೇ ಬನಿಯನ್ನಿನಿಂದ ಒರೆಸಿದ. ನನ್ನ ಗಾಡಿಯ ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇದೆ ಅಂದ. ನಾಳೆ ನೋಡಿದರಾಯಿತು ಅಂದೆ. ಸಂಜೆಗೆ ಮುಂಚೆಯೇ ನಾನು ಮನೆಗೆ ಹೊರಟೆ. ಅವನು ತೂಬಿನ ಪಕ್ಕದ ಕೋಣೆಯ ಮುಂದೆ ನಿಂತಿದ್ದ.

ಮಾರನೆಯ ಬೆಳಗಿನ ಮೇಲೆ ನಾವು ಹಾಗೆ ಜೊತೆಗೆ ಕೂತು ಉಣ್ಣಲಿಲ್ಲ.

ಅವನು ಸತ್ತು ಎರಡು ತಿಂಗಳಾಯಿತು. ಯಲ್ಲಾಪುರದ ಆಚೆ, ಕಾಡಿನೊಳಗಿನ ಅವನ ಊರಿನಿಂದ ಅವನ ಅಕ್ಕನ ಮಗಳು ಫೋನು ಮಾಡಿ ತಿಳಿಸಿದಳು. ಜ್ವರ ಬಂದಿತ್ತಂತೆ, ಮೂರನೆಯ ದಿನಕ್ಕೆ ಮುಗಿಯಿತಂತೆ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು. ಮಟ್ಟದ ಪುಸ್ತಕದಲ್ಲಿ ನಾಲೆಯ ನೀರು ಎಷ್ಟಿದೆ ಎಂದು ಬರೆದದ್ದು ಬಿಟ್ಟರೆ ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಅವನ ಹೆಸರನ್ನು ಬರೆಯುವುದಿಲ್ಲ. ನಮ್ಮೂರಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಕರಿಯ ಅಂದರು, ಆಫ್ರಿಕಾ ಅಂದರು. ಈಗ ನಾನೊಬ್ಬ ಹೆಸರು ಬರೆದು ದೊಡ್ಡವನಾಗುವುದು ಬೇಡ.

ಅವನು ಸಿದ್ದಿ. ನಮ್ಮ ಪಾಂಡವಪುರದ ಕಡೆ ಆ ಮಾತನ್ನೇ ಯಾರೂ ಕೇಳಿರಲಿಲ್ಲ. ನಾಲೆಗೆ ಕಾಂಕ್ರೀಟು ಹಾಕುವ ಕೆಲಸ ನಡೆದಾಗ ಗುತ್ತಿಗೆದಾರರ ಗುಂಪಿನೊಂದಿಗೆ ಬಂದ. ಉದ್ದಕ್ಕೆ, ಕಪ್ಪಗೆ, ಗುಂಗುರು ಕೂದಲು. ಬಸ್ಸಿನಿಂದ ಇಳಿದ ದಿನ ಅಂಗಡಿ ಬೀದಿಯಲ್ಲಿ ಮಾತು ನಿಂತೇಹೋಯಿತು. ಕಾಫಿ ಹೋಟೆಲಿನವನು ನಮಗೆಲ್ಲ ಗಾಜಿನ ಲೋಟದಲ್ಲಿ ಕೊಟ್ಟು ಅವನಿಗೆ ಮಾತ್ರ ಪೇಪರು ಲೋಟದಲ್ಲಿ ಕೊಟ್ಟ. ಅವನು ಕನ್ನಡದಲ್ಲಿ ಸಕ್ಕರೆ ಕಮ್ಮಿ ಇರಲಿ ಅಂದಾಗ ಜನರಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾನೆ ಅಂದರೆ ಏನೋ ಇದೆ ಎಂದು ನಾನೂ ಅಂದುಕೊಂಡೆ.

ಗುತ್ತಿಗೆದಾರರ ಕೆಲಸ ಮುಗಿದ ಮೇಲೆ ಗುಂಪು ಹೋಯಿತು, ಅವನು ಉಳಿದ. ತೂಬಿನ ಕೆಲಸಕ್ಕೆ ಹೊರಗುತ್ತಿಗೆಯಲ್ಲಿ ಇನ್ನೊಬ್ಬ ಸೌಡಿ ಬೇಕಿತ್ತು. ನಮ್ಮ ಹುಡುಗರು ಯಾರೂ ಬರಲಿಲ್ಲ. ಇವನು ಬಂದ. ತೂಬಿನ ಪಕ್ಕ ಒಂದು ಸಣ್ಣ ಕೋಣೆ ಇತ್ತು, ಅಲ್ಲೇ ಇದ್ದ.

ನೀರಿನ ಕೆಲಸವೇ ಅನುಮಾನದ್ದು. ಮೇಲಿನ ಗದ್ದೆಯವನಿಗೆ ಕೆಳಗಿನವನ ಮೇಲೆ ಅನುಮಾನ, ಕೆಳಗಿನವನಿಗೆ ಮೇಲಿನವನ ಮೇಲೆ, ಇಬ್ಬರಿಗೂ ಸೌಡಿಯ ಮೇಲೆ. ನಮ್ಮಪ್ಪನೂ ಸೌಡಿಯಾಗಿದ್ದವನು. ಯಾರ ಮನೆಯಲ್ಲೂ ಎಲೆ ಹಾಕಿಸಿಕೊಂಡು ಉಣ್ಣುತ್ತಿರಲಿಲ್ಲ, ಉಂಡರೆ ಮರುದಿನ ಊರು ಮಾತಾಡುತ್ತದೆ ಎಂದು. ಅಂಥ ಕೆಲಸಕ್ಕೆ ಅಂಥ ಬಣ್ಣದವನು ಬಂದು ಸೇರಿದ. ಮೊದಲ ವರ್ಷ ನಾನು ಅವನ ಮೇಲೆ ಕಣ್ಣಿಟ್ಟೇ ಇದ್ದೆ. ಎಣ್ಣೆ ಡಬ್ಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದೆ. ಅವನು ಫೋನಿನಲ್ಲಿ ಮನೆಯವರೊಂದಿಗೆ ತಮ್ಮ ಭಾಷೆಯಲ್ಲಿ, ಕೊಂಕಣಿಯಂಥ ಒಂದು ಭಾಷೆ ಅದು, ಮಾತಾಡುವಾಗ ಕಿವಿಗೊಟ್ಟು ಕೇಳುತ್ತಿದ್ದೆ. ಏನೂ ಅರ್ಥವಾಗದಿದ್ದಾಗ ನನ್ನ ಬಗ್ಗೆಯೇ ಮಾತಾಡುತ್ತಿರಬೇಕು ಅನ್ನಿಸುತ್ತಿತ್ತು.

ಅವನದೊಂದು ಗುಣ ಮೊದಲೇ ಹೇಳಿಬಿಡಬೇಕು. ಯಾವ ಮಾತನ್ನಾದರೂ ಒಂದೇ ಸಲ ಹೇಳುತ್ತಿದ್ದ. ಇನ್ನೊಮ್ಮೆ ಕೇಳಿದರೆ ಸುಮ್ಮನೆ ಮುಖ ನೋಡುತ್ತಿದ್ದ. ಚುನಾವಣೆಯ ಸಮಯದಲ್ಲಿ ನಾವಿಬ್ಬರೂ ಗಾಡಿಯಲ್ಲಿ ಬರುವಾಗ ತಪಾಸಣೆಯ ಪೊಲೀಸಿನವರು ತಡೆದರು. ನನ್ನನ್ನು ಏನೂ ಕೇಳಲಿಲ್ಲ. ಅವನನ್ನು ಪಾಸ್‌ಪೋರ್ಟು ಎಲ್ಲಿ ಅಂದರು. ಅವನು ಓಟಿನ ಕಾರ್ಡು ತೆಗೆದು ಕೊಟ್ಟ. ಪೇದೆ ಕಾರ್ಡನ್ನು ತಿರುವಿ ಮುರುವಿ ನೋಡಿ ಕನ್ನಡ ಎಲ್ಲಿ ಕಲಿತೆ ಎಂದು ಕೇಳಿದರು.

"ಅವ್ವನ ಹತ್ರ" ಅಂದ.

ಪೇದೆಗೆ ಅದು ತಲೆಹರಟೆಯಾಗಿ ಕೇಳಿಸಿತು. ಯಾವ ದೇಶ, ಯಾವ ದೇಶ ಎಂದು ಮೂರು ಸಲ ಕೇಳಿದರು. ಇವನು ಮಾತಾಡಲಿಲ್ಲ. ಕೊನೆಗೆ ನಾನೇ ನಮ್ಮ ತೂಬಿನವನು ಸಾರ್ ಎಂದು ಹೇಳಿ ಬಿಡಿಸಿಕೊಂಡು ಬಂದೆ. ದಾರಿಯಲ್ಲಿ ಬೈದೆ. ಇನ್ನೊಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವನು ಹಿಂದಿನಿಂದ ಮೆಲ್ಲಗೆ ಹೇಳಿದ:

"ಎರಡನೇ ಸಲ ಹೇಳಿದ್ರೆ ಅದು ಉತ್ತರ ಅಲ್ಲ ಗೌಡ್ರೇ, ಬೇಡಿಕೊಂಡ ಹಾಗೆ."

ಗೌಡ್ರೇ ಅನ್ನುತ್ತಿದ್ದ ನನ್ನನ್ನು. ಅಣ್ಣ ಅನ್ನು ಎಂದು ನಾನು ಯಾವತ್ತೂ ಹೇಳಲಿಲ್ಲ. ನಾನು ಅವನನ್ನು ಬಾರ್ಲಾ ಹೋಗ್ಲಾ ಎಂದೇ ಕರೆದೆ. ನಮ್ಮ ಕಡೆ ಅದು ಸಲಿಗೆಯ ಮಾತು ಅಂತ ಅವನಿಗೆ ತಿಳಿದಿತ್ತೋ ಇಲ್ಲವೋ, ವಿಚಾರಿಸಲಿಲ್ಲ. ನಮ್ಮ ಮನೆಗೆ ಬಂದಾಗ ಜಗಲಿಯ ಮೇಲೆ ಕೂರುತ್ತಿದ್ದ. ಒಳಗೆ ಬಾ ಎಂದು ಮೊದಲು ಕರೆದವಳು ನನ್ನ ಹೆಂಡತಿ, ಅದೂ ಮೂರನೆಯ ವರ್ಷದಲ್ಲಿ.

ಗಣೇಶನ ಹಬ್ಬಕ್ಕೆ ಊರಿನ ಹೈಕಳು ಅವನ ಹತ್ತಿರ ಬಂದರು. ಸಿದ್ದಿಗಳ ಕುಣಿತವನ್ನು ಯಾರೋ ಫೋನಿನಲ್ಲಿ ನೋಡಿದ್ದರು. ಮುಖಕ್ಕೆ ಬಣ್ಣ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ ಮೆರವಣಿಗೆಯ ಮುಂದೆ ಕುಣಿಯಬೇಕು ಎಂದರು. ಅವನು ಬೇಡ ಅಂದ. ಹೈಕಳು ಬಿಡಲಿಲ್ಲ. ನಿಮ್ಮ ಆಫ್ರಿಕಾದಲ್ಲಿ ಹಾಗೇ ಅಲ್ಲವಾ ಎಂದು ಒಬ್ಬ ಕೇಳಿದ. ಆಫ್ರಿಕಾ ನಾನು ನೋಡಿಲ್ಲ, ನಮ್ಮೂರಲ್ಲಿ ಲುಂಗಿ ಉಡುತ್ತೇವೆ ಎಂದು ಹೇಳಿ ಕೋಣೆಯೊಳಗೆ ಹೋದ. ಅವರು ಹೋದ ಮೇಲೆ ಖಾಲಿ ಡಬ್ಬಿಯ ಮೇಲೆ ಬೆರಳಿನಲ್ಲಿ ಏನೋ ಬಾರಿಸುತ್ತಿದ್ದುದು ಕೇಳಿಸಿತು. ನಾನು ಬಾಗಿಲಿಗೆ ಬಂದ ತಕ್ಷಣ ನಿಲ್ಲಿಸಿದ. ಅವರ ಮನೆಯಲ್ಲಿ ಜಿಂಕೆಯ ಚರ್ಮ ಬಿಗಿದ ಡಮಾಮಿ ಎಂಬ ವಾದ್ಯ ಇದೆಯಂತೆ, ಅದು ಕೈಯಲ್ಲಿದ್ದರೆ ತಾನು ಯಾರೂ ಕರೆಯದಿದ್ದರೂ ಕುಣಿಯುತ್ತೇನೆ ಅಂದ. ನಕ್ಕ. ಹೈಕಳು ಆವತ್ತಿನಿಂದ ಅವನಿಗೆ ಕೊಬ್ಬು ಅನ್ನತೊಡಗಿದರು.

ಅವರ ಜನ ಇಲ್ಲಿಗೆ ಬಂದ ಕತೆಯನ್ನು ನಾನೇ ಕೇಳಿ ತಿಳಿದದ್ದು. ಪೋರ್ಚುಗೀಸರು ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರಿದರಂತೆ. ಮಾರಿಸಿಕೊಂಡವರಲ್ಲಿ ಕೆಲವರು ಘಟ್ಟ ಹತ್ತಿ ಕಾಡಿಗೆ ಓಡಿದರು. ಅಲ್ಲಿಯೂ ಎಷ್ಟೋ ತಲೆಮಾರು ಉಳ್ಳವರ ತೋಟಗಳಲ್ಲಿ ಜೀತ. ಅವರಲ್ಲಿ ಹಿಂದೂಗಳಿದ್ದಾರೆ, ಸಾಬರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಅದು ಹೇಗೆ ಒಂದೇ ಜನ ಮೂರು ದೇವರು ಅಂದೆ. "ಓಡಿ ಬಂದಾಗ ಯಾರು ಬಾಗಿಲು ತೆಗೆದ್ರೋ ಅವ್ರ ದೇವ್ರು ನಮ್ಮ ದೇವ್ರಾಯ್ತು, ಅಂತ ಅಜ್ಜಿ ಹೇಳ್ತಿದ್ಲು" ಅಂದ. ಹಡಗು ಹತ್ತಿದ ಊರಿನ ಹೆಸರು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿಲ್ಲವಂತೆ. ಅಜ್ಜಿಗೂ ಗೊತ್ತಿರಲಿಲ್ಲ, ಅಜ್ಜಿಯ ಅಜ್ಜಿಗೂ ಇಲ್ಲ.

ನಾನು ಅದನ್ನೂ ಪೂರ್ತಿ ನಂಬಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿ ಫೋನಿನಲ್ಲಿ ಹುಡುಕಿಸಿದೆ. ಇತ್ತು. ಅವನು ಹೇಳಿದ್ದಕ್ಕಿಂತ ಕೆಟ್ಟದಾಗಿಯೇ ಇತ್ತು. ಆ ವಾರವೆಲ್ಲ ನನಗೆ ಅವನ ಮುಖ ನೋಡುವುದು ಕಷ್ಟವಾಯಿತು.

ಇನ್ನೊಂದು ಅನುಮಾನವನ್ನೂ ಬರೆಯಬೇಕು. ಪ್ರತಿ ಅಮಾವಾಸ್ಯೆಗೆ ಅವನು ರಜೆ ಹಾಕಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದ. ಯಾಕೆ ಎಂದರೆ ಕೆಲಸ ಇದೆ ಅನ್ನುತ್ತಿದ್ದ. ಅಮಾವಾಸ್ಯೆಯ ದಿನ ಎಂಥ ಕೆಲಸ? ಒಂದು ಸಲ ನಾನು ಗಾಡಿ ತೆಗೆದುಕೊಂಡು ಅವನ ಬಸ್ಸಿನ ಹಿಂದೆಯೇ ಹೋದೆ. ಇಳಿದವನು ಗಂಜಾಮಿನ ರಸ್ತೆ ಹಿಡಿದು ಸಂಗಮದವರೆಗೆ ನಡೆದ. ಅಸ್ಥಿ ಬಿಡಲು ಬಂದವರ ನಡುವೆ ದಾರಿ ಮಾಡಿಕೊಂಡು ನೀರಿಗೆ ಇಳಿದ. ಮೊಣಕಾಲು ಮುಳುಗುವಷ್ಟಕ್ಕೆ ನಿಂತು, ಜೇಬಿನಿಂದ ಒಂದು ಹಿಡಿ ಅಕ್ಕಿ ತೆಗೆದು ನೀರಿಗೆ ಬಿಟ್ಟ. ಅಷ್ಟೇ. ತಿರುಗಿದಾಗ ಮೆಟ್ಟಿಲ ಮೇಲೆ ನಾನಿದ್ದೆ. ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ. ಹಡಗಿನಲ್ಲಿ ಬರುವಾಗ ಸತ್ತವರನ್ನು ಸಮುದ್ರಕ್ಕೆ ಎಸೆದರಂತೆ, ಅವರಿಗೆ ಎಡೆ ಅಂದ. ಅವನ ಅಜ್ಜಿ ಹತ್ತಿರದ ಹಳ್ಳಕ್ಕೆ ಬಿಡುತ್ತಿದ್ದಳಂತೆ. ಕಾವೇರಿ ಆ ಕಡೆಯ ಸಮುದ್ರಕ್ಕೆ ಹೋಗುವುದಿಲ್ಲ ಕಣೋ, ಮೂಡಲ ಸಮುದ್ರಕ್ಕೆ ಹೋಗುತ್ತಾಳೆ ಎಂದು ನಾನು ತಿಳಿದವನ ಹಾಗೆ ಹೇಳಿದೆ. ಅಷ್ಟು ದೂರದಿಂದ ಬಂದವರಿಗೆ ಇದೇನು ಬಳಸು ದಾರಿ ಎಂದು ನಕ್ಕ. ಬರುವಾಗ ನನ್ನ ಗಾಡಿಯಲ್ಲೇ ಬಂದ. ಬಾಬುರಾಯನಕೊಪ್ಪಲಿನಲ್ಲಿ ಕಬ್ಬಿನ ಹಾಲು ಕುಡಿಸಿದ. ಆವತ್ತಿನಿಂದ ನಾನು ಎಣ್ಣೆ ಡಬ್ಬಿ ಅಲ್ಲಾಡಿಸುವುದನ್ನು ಬಿಟ್ಟೆ.

ಅವನ ಕೋಣೆಯ ಮೂಲೆಯಲ್ಲಿ ಒಂದು ಸಿಪ್ಪೆ ಸುಲಿದ ತೆಂಗಿನಕಾಯಿ ಇರುತ್ತಿತ್ತು. ಮಣೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ದಿನವೂ ದೀಪ ತೋರಿಸುತ್ತಿದ್ದ. ಅದು ಹಿರಿಯರು. ಕಾಯಿಯನ್ನು ಹಿರಿಯರಿಗೆ ಇಟ್ಟದ್ದಲ್ಲ, ಕಾಯಿಯೇ ಹಿರಿಯರು. ತೀರಿಕೊಂಡವರೆಲ್ಲ ಅದರಲ್ಲಿ ಇರುತ್ತಾರೆ. ವರ್ಷಕ್ಕೊಮ್ಮೆ ಮಾರ್ನಮಿಯ ಹೊತ್ತಿಗೆ ಊರಿಗೆ ಹೋಗಿ ಶಾಸ್ತ್ರ ಮಾಡಿಸಿ ಹೊಸ ಕಾಯಿ ತರುತ್ತಿದ್ದ. ನಾವೂ ಮಾರ್ನಮಿಗೆ ಸತ್ತವರಿಗೆ ಎಡೆ ಇಡುವವರೇ. ಹಾಗಾಗಿ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಆದರೆ ಬೇರೆ ಯಾರಿಗೂ ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ.

ಇನ್ನು ಆ ಬುಧವಾರ.

ಬೆಳಗ್ಗೆ ನಾನು ಹೋಗುವ ಹೊತ್ತಿಗೆ ತೂಬಿನ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಮುಚ್ಚಿದ್ದ ತೂಬನ್ನು ರಾತ್ರಿ ಅವನು ಮಲಗಿದ್ದಾಗ ಯಾರೋ ತೆಗೆದಿದ್ದರು. ನಮ್ಮ ಭಾಗದ ಕಾಲುವೆ ತುಂಬಿ ಹರಿದು, ನಾಲೆಯ ಕೆಳಗಿನವರಿಗೆ ಅವರ ಸರದಿಯಲ್ಲೇ ನೀರು ಕಮ್ಮಿಯಾಗಿತ್ತು. ಅವರು ಟ್ರಾಕ್ಟರಿನಲ್ಲಿ ಬಂದಿದ್ದರು. ಇಂಜಿನಿಯರೂ ಬಂದಿದ್ದರು. ಕೆಳಗಿನೂರಿನವರು ಕಳ್ಳ ಯಾರು ತೋರಿಸಿ ಎಂದು ಕೂತಿದ್ದರು. ನಮ್ಮೂರಿನವರಿಗೂ ಯಾರನ್ನಾದರೂ ತೋರಿಸಿ ಕೈ ತೊಳೆದುಕೊಳ್ಳಬೇಕಿತ್ತು. ತೋರಿಸುವುದಕ್ಕೆ ಅವನಿದ್ದ.

ಅವನು ಆಗಲೇ ತೂಬನ್ನು ಮುಚ್ಚಿ ಅದರ ಪಕ್ಕ ನಿಂತಿದ್ದ. ನೀನೇ ತೆಗೆದೆಯಾ ಎಂದು ಇಂಜಿನಿಯರು ಕೇಳಿದರು.

"ನಾನು ತೆಗೆದಿಲ್ಲ ಸಾರ್" ಅಂದ.

ಜನರಿಗೆ ಅದು ಸಾಲಲಿಲ್ಲ. ಇನ್ನೊಂದ್ಸಲ ಏಳ್ಲಾ, ದೇವರ ಮೇಲೆ ಆಣೆ ಮಾಡಿ ಏಳ್ಲಾ ಎಂದು ಸುತ್ತುಗಟ್ಟಿದರು. ಅವನು ಮಾತಾಡಲಿಲ್ಲ. ಆರು ವರ್ಷದಿಂದ ಅವನನ್ನು ಬಲ್ಲ ನನಗೆ ಅದು ಅವನ ರೀತಿ ಎಂದು ಗೊತ್ತಿತ್ತು. ಅವರಿಗೆಲ್ಲ ಅದು ಒಪ್ಪಿಕೊಂಡಂತೆ ಕಂಡಿತು. ನಮ್ಮೂರಿನ ಪಂಚಾಯ್ತಿ ಮೆಂಬರೊಬ್ಬರು, "ನೋಡಿ ಸಾರ್, ಬಾಯಿ ಕಟ್ಟೋಯ್ತು" ಅಂದರು.

ನಾನು ಹತ್ತಿರ ಹೋದಾಗ ಅವನು ತಿರುಪಿನ ಕಡೆ ಕಣ್ಣು ತೋರಿಸಿ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದ:

"ಎಡಕ್ಕೆ ಎಳೆದೇ ತೆಗೆದಿದ್ದಾರೆ ಗೌಡ್ರೇ."

ಇದನ್ನು ಬಿಡಿಸಿ ಹೇಳಬೇಕು. ನಮ್ಮ ತೂಬಿನ ತಿರುಪು ನಮ್ಮಪ್ಪನ ಕಾಲದಿಂದ ಬಾಗಿದೆ. ಹ್ಯಾಂಡಲ್ಲು ಹಾಕಿ ಎಡಗಡೆಗೆ ಎಳೆದು ಹಿಡಿದುಕೊಂಡೇ ತಿರುಗಿಸಬೇಕು. ಗೊತ್ತಿಲ್ಲದವರು ನೇರವಾಗಿ ತಿರುಗಿಸಿದರೆ ಕಚ್ಚಿಕೊಂಡು, ತಿರುಪಿನ ಸುತ್ತುಗಳು ಸವೆದು ಕಬ್ಬಿಣದ ಪುಡಿ ಉದುರುತ್ತದೆ. ಆವತ್ತು ಪುಡಿ ಉದುರಿರಲಿಲ್ಲ. ಎಡಕ್ಕೆ ಎಳೆಯಬೇಕೆಂದು ಗೊತ್ತಿದ್ದವರು ಮೂರೇ ಜನ. ನಾನು, ಅವನು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ತೂಬಿಗೆ ಬರುತ್ತಿದ್ದ ನನ್ನ ತಮ್ಮ. ಹ್ಯಾಂಡಲ್ಲು ಎರಡು ಇದ್ದವು. ಒಂದು ಅವನ ಕೋಣೆಯಲ್ಲಿ, ಇನ್ನೊಂದು ನಮ್ಮ ಕೊಟ್ಟಿಗೆಯಲ್ಲಿ.

ಅಷ್ಟರಲ್ಲಿ ಹೈಕಳು ಕೋಣೆಯೊಳಗೆ ನುಗ್ಗಿದ್ದರು. ಹ್ಯಾಂಡಲ್ಲನ್ನು ಹೊರಗೆ ತಂದರು. ಆಮೇಲೆ ಒಬ್ಬ ಆ ತೆಂಗಿನಕಾಯಿಯನ್ನು ಎರಡು ಬೆರಳಲ್ಲಿ ಜುಟ್ಟು ಹಿಡಿದು ತಂದ. ಕುಂಕುಮ ಹಚ್ಚಿದ ಕಾಯಿ, ಮೂಲೆಯಲ್ಲಿ ಬಚ್ಚಿಟ್ಟದ್ದು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಮಾಟ ಅಂದರು. ಹೋದ ವರ್ಷ ಸತ್ತ ಯಾರದೋ ಎಮ್ಮೆಯ ಮಾತು ಬಂತು, ಯಾರದೋ ಸೊಸೆಗೆ ಗರ್ಭ ನಿಲ್ಲದ ಮಾತು ಬಂತು. ಫೋಟೊ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ನೀರಿನ ಮಾತು ಅಲ್ಲಿಗೆ ಮರೆತೇಹೋಯಿತು.

ಅವನು ಕೈ ಚಾಚಿ ಕೊಡಿ ಅಂದ. ಅದೂ ಒಂದೇ ಸಲ.

ನಮ್ಮ ಕಡೆ ಮಾಟದ ಕಾಯಿ ಸಿಕ್ಕಿದರೆ ಒಡೆದುಬಿಡಬೇಕು, ಒಡೆದರೆ ಅದರ ಶಕ್ತಿ ಹೋಗುತ್ತದೆ ಎಂದು ನಂಬುತ್ತಾರೆ. ಮೆಂಬರು ಒಡೀರ್ಲಾ ಅಂದರು. ಕಾಯಿ ಹಿಡಿದಿದ್ದವನು ತೂಬಿನ ಕಲ್ಲಿಗೆ ಎತ್ತಿ ಹೊಡೆದ. ಕಾಯಿ ಒಡೆಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ದೇವಸ್ಥಾನದಲ್ಲಿ, ಹೊಸ ಗಾಡಿಯ ಮುಂದೆ, ನಾಟಿಯ ದಿನ ಗದ್ದೆಯ ಬದುವಿನಲ್ಲಿ. ಆ ಸದ್ದು ಕೇಳಿದರೆ ಒಳ್ಳೆಯದೇ ಆಯಿತು ಅನ್ನಿಸುವುದು ನಮಗೆ ರೂಢಿ. ಆವತ್ತು ಕೆಲವರು ಕೈ ಮುಗಿದರು. ಅವನೊಬ್ಬ ಕೆಳಗೆ ಕೂತು ಚೂರುಗಳನ್ನು ಆರಿಸತೊಡಗಿದ. ಚಿಪ್ಪಿನ ಸಣ್ಣ ಸಣ್ಣ ತುಂಡನ್ನೂ ಮಣ್ಣಿನಿಂದ ಕೆದಕಿ ತೆಗೆದು ಲುಂಗಿಯ ಮಡಿಲಿಗೆ ಹಾಕಿಕೊಂಡ. ಜನರ ಕಾಲಿನ ಕೆಳಗೆ ಒಂದು ಚೂರಿತ್ತು. ಕಾಲು ಎತ್ತಿ ಎಂದು ಕೇಳಲಿಲ್ಲ. ಅವರು ಸರಿಯುವವರೆಗೆ ಅಲ್ಲೇ ಕುಕ್ಕರುಗಾಲಲ್ಲಿ ಕಾದ.

ಅದೇ ಹೊತ್ತಿಗೆ ಇಂಜಿನಿಯರು ನನ್ನನ್ನು ಪಕ್ಕಕ್ಕೆ ಕರೆದರು. ಇನ್ನೊಂದು ಹ್ಯಾಂಡಲ್ಲು ಎಲ್ಲಿದೆ ಎಂದು ಕೇಳಿದರು.

"ನಮ್ಮನೆ ಕೊಟ್ಟಿಗೇಲದೆ ಸಾರ್" ಅಂದೆ.

"ನೋಡ್ಕಂಡ್ ಬಂದ್ಯಾ?"

"ಊಂ ಸಾರ್."

ನೋಡಿಕೊಂಡು ಬಂದಿರಲಿಲ್ಲ. ಅವನು ಮಡಿಲು ತುಂಬಿಕೊಂಡು ಎದ್ದು ನಿಂತಿದ್ದ. ನನ್ನ ಮಾತು ಅವನಿಗೆ ಕೇಳಿಸಿತು. ನನ್ನ ಕಡೆ ಒಮ್ಮೆ ನೋಡಿ, ನಾಲೆಯ ಮೆಟ್ಟಿಲು ಇಳಿದು ಚೂರುಗಳನ್ನು ನೀರಿಗೆ ಬಿಟ್ಟ.

ಮನೆಗೆ ಬಂದು ನೋಡಿದಾಗ ಹ್ಯಾಂಡಲ್ಲು ಕೊಟ್ಟಿಗೆಯ ಗೂಟದಲ್ಲಿ ಇರಲಿಲ್ಲ. ಗೋಡೆಗೆ ಒರಗಿಸಿದ್ದರು. ತುದಿಯಲ್ಲಿ ಹಸಿ ಮಣ್ಣು. ಹೆಂಡತಿ ಹಾಲು ಕರೆಯುತ್ತಿದ್ದವಳು ತಲೆ ಎತ್ತದೆ, ನನ್ನ ತಮ್ಮ ಬೆಳಕು ಹರಿಯುವ ಮುಂಚೆ ತಂದಿಟ್ಟು ಹೋದ ಎಂದು ಹೇಳಿದಳು.

"ನೀನ್ಯಾಕೆ ಏಳ್ಲಿಲ್ಲ?" ಅಂದೆ.

"ನೀವು ಕೇಳುದ್ರಾ?" ಅಂದಳು. ಹಾಲಿನ ಚೆಂಬು ಎತ್ತಿಟ್ಟು, "ಈಗ ಗೊತ್ತಾಯ್ತಲ್ಲ, ಓಗಿ ಏಳಿ" ಅಂದಳು.

ನಾನು ಇಂಜಿನಿಯರ ಹತ್ತಿರ ಹೋಗಲಿಲ್ಲ, ತಮ್ಮನ ಗದ್ದೆಗೆ ಹೋದೆ. ಅವನು ಬದುವಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಒಟ್ಲು, ಅಂದರೆ ಭತ್ತದ ಸಸಿಮಡಿ, ತುಂಬ ನೀರು ನಿಂತು ಹಸಿರಾಗಿತ್ತು. ಅವನು ಮುಚ್ಚಿಡಲಿಲ್ಲ. ಒಟ್ಲು ಬಾಡುತ್ತಿತ್ತು, ಒಂದಿಷ್ಟು ನೀರು ಬಿಟ್ಟುಕೊಂಡು ಮತ್ತೆ ಮುಚ್ಚುವವನಿದ್ದೆ, ಯಾರೋ ಬಂದಂತಾಯಿತು, ಹಾಗೇ ಬಿಟ್ಟು ಬಂದೆ ಅಂದ. ಒಬ್ಬನ ಕೆಲಸ ಹೋಗುತ್ತದೆ ಕಣೋ ಎಂದೆ.

"ಆವಯ್ಯನ ಮೇಲೆ ಓಯ್ತದೆ ಅಂತ ಗೊತ್ತಿತ್ತು ಕಣಣ್ಣ" ಅಂದ. "ನಿನ್ ಮೇಲೆ ಬರಕ್ಕಿಲ್ಲ ಅಂತ್ಲೇ ತಗ್ದಿದ್ದು."

ಹಾಗೆ ಹೇಳುವಾಗ ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಣ್ಣನಿಗೆ ತೊಂದರೆಯಾಗದಂತೆ ನೋಡಿಕೊಂಡೆ ಎಂಬ ನೆಮ್ಮದಿ ಇತ್ತು. ನಾನು ಅವನಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೇಳಿದರೆ ತಮ್ಮನ ಮೇಲೆ ಕೇಸಾಗುತ್ತದೆ. ನಾನು ಇಂಜಿನಿಯರಿಗೆ ಸುಳ್ಳು ಹೇಳಿದ್ದೂ ಹೊರಗೆ ಬರುತ್ತದೆ. ನಾಳೆ ನೋಡೋಣ ಎಂದುಕೊಂಡೆ.

ಮಾರನೆಯ ದಿನವೇ ಅವನನ್ನು ಕೆಲಸಕ್ಕೆ ಬರಬೇಡ ಎಂದರು. ಅವನಿಗೆ ಒಂದು ಟ್ರಂಕು, ಒಂದು ಕಂಬಳಿ. ಕೆ.ಆರ್. ಪೇಟೆಗೆ ಹೋದರೆ ಅರಸೀಕೆರೆ ಕಡೆಗೆ ಬಸ್ಸು ಸಿಗುತ್ತದೆ, ಅಲ್ಲಿಂದ ಹುಬ್ಬಳ್ಳಿಗೆ ಹೋಗಬಹುದು, ನಾನೇ ಬಿಡುತ್ತೇನೆ ಅಂದೆ. ಟ್ರಂಕನ್ನು ಮುಂದೆ ಇಟ್ಟುಕೊಂಡು, ಅವನನ್ನು ಹಿಂದೆ ಕೂರಿಸಿಕೊಂಡು ಗಾಡಿ ಓಡಿಸಿದೆ. ಅಷ್ಟು ದೂರದ ದಾರಿ. ಅವನು ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಕೇಳಿದರೆ ಹೇಳಿಬಿಡುವುದೆಂದು ಪ್ರತಿ ಊರು ದಾಟುವಾಗಲೂ ನಿಶ್ಚಯ ಮಾಡುತ್ತಿದ್ದೆ. ಬೆನ್ನ ಹಿಂದೆ ಅವನ ಉಸಿರು ಕೇಳುತ್ತಿತ್ತು. ಮೋರೆ ಕಾಣುತ್ತಿರಲಿಲ್ಲ. ಅವನು ಕೇಳಲಿಲ್ಲ. ಎಡಕ್ಕೆ ಎಳೆದಿದ್ದಾರೆ ಎಂದು ಅವನು ನನಗೆ ಆಗಲೇ ಹೇಳಿಯಾಗಿತ್ತು. ಇನ್ನು ಹೇಳಬೇಕಾದವನು ನಾನು.

ಬಸ್ ನಿಲ್ದಾಣದಲ್ಲಿ ಜನ ಎಂದಿನಂತೆ ಅವನನ್ನೇ ನೋಡುತ್ತಿದ್ದರು. ಒಬ್ಬ ಮುದುಕ ನನ್ನ ಹತ್ತಿರ ಬಂದು ಇವರು ಯಾವ ದೇಶದೋರು ಅಂದ. ನಾನು ಟ್ರಂಕು ಎತ್ತಿಕೊಂಡೆ. ಬಸ್ಸು ಬಂತು. ಟ್ರಂಕು ಹತ್ತಿಸಿಕೊಟ್ಟೆ. ಅಕ್ಕನಿಗೆ ಹೇಳಿ ಬರಲಾಗಲಿಲ್ಲ, ಹೇಳಿಬಿಡಿ ಎಂದ. ನನ್ನ ಹೆಂಡತಿಯನ್ನು ಅವನು ಅಕ್ಕ ಅನ್ನುತ್ತಿದ್ದ ಎಂದು ನನಗೆ ತಿಳಿದದ್ದು ಆಗಲೇ.

ಆಮೇಲೆ ಎರಡು ವರ್ಷ. ಮಾರ್ನಮಿಯ ದಿನ ನಾನೇ ಫೋನು ಮಾಡುತ್ತಿದ್ದೆ. ಮಳೆ ಹೇಗಿದೆ, ಕೆ.ಆರ್.ಎಸ್. ತುಂಬಿತಾ, ಅಕ್ಕ ಹೇಗಿದ್ದಾರೆ. ಅಷ್ಟೇ ಮಾತು. ಎರಡೂ ಸಲ ಫೋನು ಇಟ್ಟ ಮೇಲೆ ಇವತ್ತೂ ಹೇಳಲಿಲ್ಲ ಎಂದುಕೊಂಡೆ. ನನಗೆ ನಿವೃತ್ತಿಯಾಯಿತು. ನಾಗಮಂಗಲದಲ್ಲಿ ಹೆಂಡತಿಯ ತವರಿನ ಒಂದು ಮದುವೆ ಮುಗಿಸಿಕೊಂಡು, ಹಾಗೇ ಯಲ್ಲಾಪುರಕ್ಕೆ ಹೋಗಿ ಎದುರಿಗೇ ಕೂತು ಹೇಳಿ ಬರುತ್ತೇನೆ ಎಂದು ಅವಳಿಗೂ ಹೇಳಿದ್ದೆ. ಮದುವೆಗೆ ಇನ್ನು ನಾಲ್ಕು ದಿನ ಇರುವಾಗ ಅವನ ಅಕ್ಕನ ಮಗಳ ಫೋನು ಬಂತು.

ಮಣ್ಣಿಗೆ ಹೋಗಲಾಗಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ. ಬಸ್ಸು ಇಳಿದು ಕಾಡಿನ ದಾರಿಯಲ್ಲಿ ನಡೆಯುವಾಗ ಎದುರಾದವರೆಲ್ಲ ಅವನ ಹಾಗೆಯೇ ಇದ್ದರು. ಎಲ್ಲರೂ ನಿಂತು ನನ್ನನ್ನೇ ನೋಡಿದರು. ಯಾರು, ಎಲ್ಲಿಂದ ಬಂದಿರಿ, ಎಂತ ಕೆಲಸ ಎಂದು ಮೂರು ಕಡೆ ವಿಚಾರಿಸಿದರು. ಹೇಳಿ ಹೇಳಿ ಸಾಕಾಯಿತು. ನಾನು ಮೂರು ಸಲ ಹೇಳಿದೆ, ಅವನಾಗಿದ್ದರೆ ಹೇಳುತ್ತಿರಲಿಲ್ಲ.

ಅಕ್ಕನ ಮಗಳು ಮೂಲೆಯಲ್ಲಿ ಮಣೆಯ ಮೇಲಿದ್ದ ಕಾಯಿ ತೋರಿಸಿದಳು. "ಮಾಮ ಈಗ ಅವರ ಜೊತೆ ಇದ್ದಾರೆ" ಅಂದಳು. ನಾನು ಕೈ ಮುಗಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ತಮ್ಮ ತೂಬು ತೆಗೆದದ್ದು, ನಾನು ನೋಡದೆಯೇ ನೋಡಿದ್ದೇನೆ ಅಂದದ್ದು, ಕೆ.ಆರ್. ಪೇಟೆಯವರೆಗೆ ಬಾಯಿ ಬಿಡದೆ ಬಂದದ್ದು. ಅವಳು ಕೇಳುತ್ತ ಕೇಳುತ್ತ ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಮಾಮ ನಮಗೆ ಎಂತದೂ ಹೇಳಲಿಲ್ಲ" ಅಂದಳು. "ಅಲ್ಲಿ ಕೆಲಸ ಮುಗೀತು ಅಂದ್ರು. ನಿಮ್ಮ ಫೋನು ಬಂದ ದಿನ ಮಾತ್ರ ಸುಮಾರು ಹೊತ್ತು ಹೊರಗೆ ಕೂತಿರ್ತಿದ್ರು."

ಸಂತೋಷಕ್ಕೋ ದುಃಖಕ್ಕೋ ಎಂದು ನಾನು ಕೇಳಲಿಲ್ಲ. ಕೇಳಿದರೂ ಅವಳಿಗೆ ಗೊತ್ತಿರುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಕಾಫಿ ಹೋಟೆಲಿನ ಮುಂದೆ, ಜನ ಇದ್ದಾಗಲೇ ಹೇಳಿದೆ. ತಮ್ಮ ಎದ್ದು ಹೋದ. ಅವನು ಈಗ ನಮ್ಮ ಮನೆಗೆ ಬರುವುದಿಲ್ಲ. ಮೆಂಬರು, "ಸತ್ತೋನ್ಗೆ ಈಗೇನಾಗ್ಬೇಕು ಬುಡಣ್ಣ" ಅಂದರು. ಕಾಯಿ ಒಡೆದವನು ಕೂಡ ಅಲ್ಲೇ ಇದ್ದ. ಆದರೂ ಆ ಕಾಯಿ ಏನಕ್ಕೆ ಇಟ್ಟಿದ್ದನೋ ಎಂದ. ಅದು ಅವನ ಹಿರಿಯರು ಎಂದು ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ.

ತೂಬು ತೆಗೆದವರು ನಮ್ಮ ಮನೆಯವರು ಎಂದು ಅವನಿಗೆ ಆವತ್ತೇ ತಿಳಿದಿತ್ತು. ಎಡಕ್ಕೆ ಎಳೆಯುವುದು ಗೊತ್ತಿದ್ದವರು ನಮ್ಮ ಮನೆಯಲ್ಲಿ ಇಬ್ಬರಿದ್ದೆವು, ತಮ್ಮ ಮತ್ತು ನಾನು. ಅದು ನಾನಲ್ಲ ಎಂದು ಅವನು ನಂಬಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.